ತಿರುವಿನಲ್ಲಿ ನಿಲ್ಲುವ ಕಾರು

ಗಿರಣಿಯವರ ಕಾರು ಮೊದಲ ಸಲ ನನ್ನ ಗ್ಯಾರೇಜಿಗೆ ಬಂದಾಗ, ಬಾನೆಟ್ ಎತ್ತುವ ಮೊದಲೇ ನಾನು ಅದರ ಕಾಯಿಲೆಗೆ ಹೆಸರಿಟ್ಟುಬಿಟ್ಟಿದ್ದೆ. ಹದಿನೈದು ವರ್ಷ ದಾಟಿದ ಸಣ್ಣ ಪೆಟ್ರೋಲ್ ಕಾರು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿತ್ತು. ಶಿರಸಿಯಲ್ಲಿ ಇಂಥ ಕಾರುಗಳಿಗೇನೂ ಬರವಿಲ್ಲ. ಒಂದೋ ಇಲಿ ವೈರು ಕಡಿದಿರುತ್ತದೆ, ಇಲ್ಲವೇ ಸೆನ್ಸರ್ ಸತ್ತಿರುತ್ತದೆ. ಇದೂ ಅದರಲ್ಲೊಂದು ಎಂದುಕೊಂಡೆ.

ಅವರು ಮತ್ತಿಘಟ್ಟದ ಕಡೆಯ ಒಂದು ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಅಂಗಿಯ ತೋಳಿನ ಮಡಿಕೆಯಲ್ಲಿ ಯಾವಾಗಲೂ ಒಂದಿಷ್ಟು ಹಿಟ್ಟು ಇದ್ದೇ ಇರುತ್ತಿತ್ತು.

"ಎಂತ ಹೇಳೂದು ಮಾರಾಯ್ರೆ," ಎಂದರು. "ಮನೆಯಿಂದ ಹೊರಡೂವಾಗ ಚೆನ್ನಾಗೇ ಹೋಗ್ತದೆ. ಅರ್ಧ ದಾರಿ ಆದ್ಮೇಲೆ ಎಳೆಯೂದೇ ಇಲ್ಲ. ಮುಗ್ಗರಿಸಿ ಮುಗ್ಗರಿಸಿ ನಿಂತೇ ಹೋಗ್ತದೆ. ಸುಮ್ನೆ ಕೂತ್ರೆ ಮತ್ತೆ ಚಾಲೂ ಆಗ್ತದೆ. ಅದೂ ಹೆಚ್ಚು ಕಡಿಮೆ ಅದೇ ತಿರುವು. ಊರಿನವರು ಅಲ್ಲಿ ಚೌಡಿಗೆ ಒಂದು ಕಾಯಿ ಒಡೆಸಿ ಅಂತಿದ್ದಾರೆ."

"ಚೌಡಿಗೆ ಕಾಯಿ ಒಡಸ್ರಿ, ನನಗ ಕಾರು ಬಿಟ್ಟ್ ಹೋಗ್ರಿ," ಎಂದೆ. ನಾನು ಬನವಾಸಿ ಕಡೆಯವನು. ಶಿರಸಿಗೆ ಬಂದು ಎಷ್ಟು ಕಾಲವಾದರೂ ನನ್ನ ಮಾತಿನ 'ರಿ' ಹೋಗಿಲ್ಲ.

ಯಾವ ಗಾಡಿ ಬಂದರೂ ಮೊದಲು ನೀರು ಹೊಡೆದು ತೊಳೆಯುವುದು ನನ್ನ ಪದ್ಧತಿ. ಕೆಸರು ಮೆತ್ತಿದ ಗಾಡಿಯ ಕೆಳಗೆ ಮಲಗಿದರೆ ಮೊದಲು ಕಣ್ಣಿಗೆ ಬೀಳುವುದು ಮಣ್ಣು. ಪೈಪು ಎತ್ತಿಕೊಂಡಾಗ ಗಿರಣಿಯವರು ಅಡ್ಡ ಬಂದರು. ತೊಳೆಯುವುದೆಲ್ಲ ಬೇಡ, ಹಾಗೇ ನೋಡಿ ಎಂದರು. ಹಿಂದಿನ ಚಕ್ರದ ಕಡೆಗಂತೂ ನೀರು ಹೊಡೆಯಲೇಬೇಡಿ ಎಂದು ಇನ್ನೊಮ್ಮೆ ಹೇಳಿದರು. ಅವಸರದಲ್ಲಿದ್ದಾರೆ ಎಂದುಕೊಂಡು ಪೈಪು ಕೆಳಗಿಟ್ಟೆ.

ಅವಸರಕ್ಕೆ ಕಾರಣವೂ ಇತ್ತು. ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದೊಮ್ಮೆ ತಿಂಗಳು ತುಂಬುತ್ತ ಬಂದಾಗ ಮಗು ಕೈಬಿಟ್ಟು ಹೋಗಿತ್ತು. ಈ ಸಲ ರಕ್ತದೊತ್ತಡ ಏರುತ್ತಿದೆ, ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ಕಾಯದೆ ಹೊರಟು ಬನ್ನಿ ಎಂದು ಶಿರಸಿಯ ಡಾಕ್ಟರು ಎಚ್ಚರಿಸಿದ್ದರು. ಅವರ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಒಂದೇ ಜಾಗದಲ್ಲಿ. ಊರಿನಲ್ಲಿರುವ ಇನ್ನೊಂದು ಗಾಡಿ ಹಗಲಿಡೀ ಬಾಡಿಗೆಗೆ ಹೊರಗಿರುತ್ತದೆ. ಆಂಬುಲೆನ್ಸ್ ಕರೆದರೂ ಅದು ದಾರಿ ಕೇಳಿಕೊಂಡು ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಉಳಿದದ್ದು ಈ ಕಾರು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಕಾರನ್ನೇ ನೋಡುತ್ತಿದ್ದರು.

ಸ್ಕ್ಯಾನರ್ ಹಾಕಿದೆ. ಮಿಶ್ರಣ ತೆಳುವಾಗಿದೆ ಎಂಬ ಕೋಡ್ ಬಂತು. ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲು ಒಂದು ಹದದಲ್ಲಿ ಸೇರಿ ಹೋಗಬೇಕು. ಪೆಟ್ರೋಲು ಕಡಿಮೆಯಾದರೆ ಲೀನ್, ಹೆಚ್ಚಾದರೆ ರಿಚ್ ಎನ್ನುತ್ತೇವೆ. ಈ ಹದ ಕಾಯುವುದು ಆಕ್ಸಿಜನ್ ಸೆನ್ಸರ್. ಸೈಲೆನ್ಸರ್ ಪೈಪಿನ ಬುಡದಲ್ಲಿ ಕೂತು, ಸುಟ್ಟ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಮೂಸಿ ಕಂಪ್ಯೂಟರಿಗೆ ವರದಿ ಒಪ್ಪಿಸುವುದು ಅದರ ಕೆಲಸ. ಒಳ್ಳೆಯ ಸೆನ್ಸರಿನ ಗೆರೆ ಸ್ಕ್ಯಾನರಿನ ಪರದೆಯ ಮೇಲೆ ಸದಾ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಇದರ ಗೆರೆ ಏಳುವುದಕ್ಕೂ ಬೀಳುವುದಕ್ಕೂ ಮೈಗಳ್ಳತನ ಮಾಡುತ್ತಿತ್ತು. ಅದರ ವೈರನ್ನು ಯಾರೋ ಹಿಂದೆ ಗಂಟು ಹಾಕಿ ಟೇಪು ಸುತ್ತಿದ್ದೂ ಕಂಡಿತು. ಇಷ್ಟು ಸಾಕಲ್ಲ ಎನಿಸಿತು.

ಹೊಸ ಸೆನ್ಸರ್ ತರಿಸಿ ಹಾಕಿದೆ. ಗೆರೆ ಕುಣಿಯತೊಡಗಿತು. ಟ್ಯಾಂಕಿನಲ್ಲಿ ಪೆಟ್ರೋಲು ತಳ ಕಂಡಿತ್ತು, ರಿಪೇರಿಗೆ ಬರುವ ಗಾಡಿಗಳ ಹಣೆಬರಹವೇ ಅದು. ನನ್ನ ಕ್ಯಾನಿನಿಂದ ಒಂದಿಷ್ಟು ಸುರಿದು ಊರು ಸುತ್ತಿ ಬಂದೆ. ಒಂದು ಮುಗ್ಗರಿಕೆಯೂ ಇಲ್ಲ. ಹಳದಿ ದೀಪ ಆರಿತ್ತು.

"ಇನ್ನ ಏನೂ ಆಗಂಗಿಲ್ಲ, ಧೈರ್ಯಾಗಿ ಹೋಗ್ರಿ," ಎಂದು ಕೀಲಿ ಕೊಟ್ಟೆ.

ನನ್ನ ಆ ಮಾತು ಮಗಳ ಮುಂದಿನ ತಪಾಸಣೆಯ ತನಕ ಬಾಳಿತು. ಆಸ್ಪತ್ರೆಗೆಂದು ಹೊರಟ ಕಾರು ಅದೇ ತಿರುವಿನ ಹತ್ತಿರ ನಿಂತಿತು. ಬಿಸಿಲಿನಲ್ಲಿ, ಊದಿದ ಕಾಲುಗಳನ್ನು ಕೆಳಗೆ ಬಿಟ್ಟುಕೊಂಡು ಆಕೆ ಕೂತಿರಬೇಕಾಯಿತು. ಆಮೇಲೆ ಅದು ತಾನಾಗಿಯೇ ಚಾಲೂ ಆಯಿತು. ಆಸ್ಪತ್ರೆ ಮುಗಿಸಿ ಇಬ್ಬರೂ ನೇರ ನನ್ನಲ್ಲಿಗೆ ಬಂದರು. ಗಿರಣಿಯವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಕೀಲಿಯನ್ನು ಮೇಜಿನ ಮೇಲಿಟ್ಟರು.

ಮಗಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಾನು ಒರೆಸಿ ಕೊಟ್ಟ ಕುರ್ಚಿಯಲ್ಲಿ ಕೂತು, "ಅಣ್ಣ, ಒಂದು ಮಾತು ಹೇಳ್ತೆ," ಎಂದಳು. ಅದು ಅವರ ಮನೆಮಾತು, ನನ್ನದು ಬೇರೆ ಎಂದು ನೆನಪಾಗಿ ತಿದ್ದಿಕೊಂಡಳು. "ಹೇಳ್ತೇನೆ. ಪೆಟ್ರೋಲ್ ಹಾಕಿಸಿ ಹೊರಟ ದಿನ ಇದು ಅಷ್ಟು ಬೇಗ ನಿಲ್ಲೂದಿಲ್ಲ. ಮನೆಯಲ್ಲಿ ನಿಂತ ಗಾಡಿ ತಗೊಂಡು ಹಾಗೇ ಹೊರಟ್ರೆ ನಿಲ್ತದೆ."

ಅವಳು ಹೇಳಿದ್ದು ಅಪ್ಪಟ ನಿಜ. ನಾನು ಅದನ್ನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ಟ್ಯಾಂಕಿನ ತಳದಲ್ಲಿ ಕಸ ಕೂತಿದೆ, ಪೆಟ್ರೋಲು ಕಡಿಮೆಯಾದಾಗ ಅದು ಪಂಪಿನ ಬಾಯಿಗೆ ಅಡ್ಡ ಬರುತ್ತದೆ ಎಂದುಕೊಂಡೆ. ಹಿಂದಿನ ಸೀಟು ಎತ್ತಿ, ಪಂಪು ಹೊರತೆಗೆದು, ಜಾಲರಿ ನೋಡಿದೆ. ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಆದರೂ ಫಿಲ್ಟರ್ ಬದಲಾಯಿಸಿದೆ. ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇನ್‌ಜೆಕ್ಟರ್ ತೊಳೆದೆ. ಎಂಜಿನ್ನಿಗೆ ಎಲ್ಲಿಂದಾದರೂ ಕಳ್ಳಗಾಳಿ ನುಗ್ಗುತ್ತಿದೆಯೇ ಎಂದು ಪ್ರತಿ ಗ್ಯಾಸ್ಕೆಟ್ಟಿನ ಸುತ್ತ ಕ್ಲೀನರ್ ಸಿಂಪಡಿಸಿ ಕಿವಿಗೊಟ್ಟೆ. ಎಲ್ಲಿಯೂ ಶಬ್ದ ಬದಲಾಗಲಿಲ್ಲ. ಸೈಲೆನ್ಸರಿನ ಬುಡದಲ್ಲಿ ಬಿರುಕಿದ್ದರೆ ಸೆನ್ಸರ್ ಮೋಸ ಹೋಗುತ್ತದೆ, ಅದನ್ನೂ ನೋಡಿದೆ. ನಿಂತಲ್ಲೇ ಎಂಜಿನ್ನನ್ನು ಊಟದ ಹೊತ್ತಿನವರೆಗೆ ಓಡಿಸಿದೆ. ಕಾರು ಒಳ್ಳೆಯ ಮಗುವಿನ ಹಾಗೆ ಗುರುಗುಟ್ಟುತ್ತಲೇ ಇತ್ತು.

ಆಗ ನನಗೆ ನಿಜವಾದ ಭಯ ಶುರುವಾಯಿತು. ಕೆಟ್ಟ ಗಾಡಿಯನ್ನು ಕಂಡರೆ ನನಗೆ ಭಯವಿಲ್ಲ. ಕಣ್ಣೆದುರು ಸರಿಯಿದ್ದು ದಾರಿಯಲ್ಲಿ ಕೈಕೊಡುವ ಗಾಡಿಯನ್ನು ಏನು ಮಾಡುವುದು. ಈ ಊರಿನ ರಿವಾಜಿನಂತೆ ಇನ್ನೊಂದು ಭಾಗ ಬದಲಾಯಿಸಿ, ನೋಡೋಣ, ಓಡಿಸ್ತಾ ಇರ್ರಿ ಎಂದು ಕಳಿಸಬಹುದಿತ್ತು. ಬೇರೆ ಗಾಡಿಗಳಿಗೆ ಹಾಗೆಯೇ ಮಾಡಿದ್ದೇನೆ. ಆದರೆ ಓಡಿಸುತ್ತ ನೋಡುವುದು ಎಂದರೆ ಇಲ್ಲಿ ಆ ಹುಡುಗಿಯನ್ನು ಕೂರಿಸಿಕೊಂಡು ನೋಡುವುದು ಎಂದಾಗುತ್ತದೆ. ತಲೆನೋವು ಎಂದು ಯಾರು ಅಂದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತ ತಿರುಗುತ್ತಿದ್ದೆ.

ಮರುದಿನ ಗಿರಣಿಯವರು ಬಸ್ಸಿನಲ್ಲಿ ಬಂದರು. ನಾನು ನನ್ನ ಹಳೆಯ ವ್ಯಾನಿನ ಕೀಲಿಯನ್ನು ಅವರ ಕೈಗಿಟ್ಟೆ.

"ಇದರಾಗ ಸೀಟು ಸರಿ ಇಲ್ಲ, ಹಾರ್ನು ಅಷ್ಟಕ್ಕಷ್ಟ. ಆದ್ರ ಎಲ್ಲೂ ನಿಲ್ಲಂಗಿಲ್ಲ. ನಿಮ್ಮ ಕಾರು ನನ್ನ ಹತ್ರ ಇರ್ಲಿ. ನಾನ ಓಡಿಸಿ ನಾನ ದಾರಿಯಾಗ ನಿಲ್ತೀನಿ."

"ನಿಮ್ಮ ಕೆಲಸ ಎಂತ ಆಗಬೇಕು?"

"ಕೆಲಸ ಇದ. ಸಿಗೂತನಕ ಬಿಡೂದಿಲ್ಲ."

ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಹೋಗಿ ತಮ್ಮ ಕಾರಿಗೆ ಟ್ಯಾಂಕು ತುಂಬ ಪೆಟ್ರೋಲು ಹಾಕಿಸಿ ತಂದು ನಿಲ್ಲಿಸಿದರು. ಇನ್ನೊಬ್ಬರ ಗಾಡಿ ಒಯ್ಯುವಾಗ ತಮ್ಮದನ್ನು ಬರಿಹೊಟ್ಟೆಯಲ್ಲಿ ಬಿಡುವುದು ಅವರಿಗೆ ಸರಿ ಕಾಣಲಿಲ್ಲ. ಅವರ ಆ ದಾಕ್ಷಿಣ್ಯದಿಂದಲೇ ನನಗೆ ದಾರಿ ಸಿಕ್ಕಿತು. ಅದುವರೆಗೆ ನಾನು ಆ ಕಾರನ್ನು ದೂರ ಓಡಿಸಲು ಹೊರಟಾಗಲೆಲ್ಲ ಮೊದಲು ಮುಚ್ಚಳ ತೆಗೆದು ಪೆಟ್ರೋಲು ಸುರಿಯುತ್ತಿದ್ದೆ. ಈಗ ಸುರಿಯುವ ಕಾರಣವೇ ಇರಲಿಲ್ಲ.

ಇನ್ನು ಬೇಕಾಗಿದ್ದದ್ದು ಪೆಟ್ರೋಲಿನ ಒತ್ತಡ ತೋರಿಸುವ ಗೇಜು. ನನ್ನದರ ಪೈಪು ಗಿಡ್ಡ, ಬಾನೆಟ್ ಮುಚ್ಚಿ ಓಡಿಸಲು ಬರುವುದಿಲ್ಲ. ಉದ್ದ ಪೈಪಿನದು ಸಿದ್ದಾಪುರದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಗೆಳೆಯನ ಹತ್ತಿರ ಇತ್ತು. ಫೋನು ಮಾಡಿದರೆ, "ಪಂಪು ಬದ್ಲು ಮಾಡಿ ಕೈ ತೊಳ್ಕೊ ಮಾರಾಯ, ಎಷ್ಟು ತಲೆ ಕೆಡ್ಸ್ಕೋತಿ," ಎಂದ. ಆದರೂ ಬಸ್ಸಿನ ಕಂಡಕ್ಟರ ಕೈಯಲ್ಲಿ ಗೇಜು ಕಳಿಸಿದ. ಅದನ್ನು ಜೋಡಿಸಿ, ಪೈಪನ್ನು ಬಾನೆಟ್ಟಿನ ಅಂಚಿನಿಂದ ಹೊರತಂದು, ಮುಳ್ಳು ನನಗೆ ಕಾಣುವ ಹಾಗೆ ಮುಂದಿನ ಗಾಜಿಗೆ ಟೇಪು ಹಚ್ಚಿದೆ. ಸ್ಕ್ಯಾನರನ್ನು ಪಕ್ಕದ ಸೀಟಿನಲ್ಲಿಟ್ಟು ಯಲ್ಲಾಪುರ ರಸ್ತೆ ಹಿಡಿದೆ.

ಮೊದಮೊದಲು ಮುಳ್ಳು ಅಲುಗಾಡಲಿಲ್ಲ. ಸೆನ್ಸರಿನ ಗೆರೆ ಕುಣಿಯುತ್ತಿತ್ತು. ಸೋಂದಾ ಕ್ರಾಸ್ ಬರುವಷ್ಟರಲ್ಲಿ ಮುಳ್ಳು ಕೂದಲೆಳೆಯಷ್ಟು ಇಳಿದಂತೆ ಕಂಡಿತು. ಕಣ್ಣಿನ ಭ್ರಮೆ ಇರಬಹುದು ಎಂದುಕೊಂಡು ಮುಂದೆ ಹೋದೆ. ಮುಂದಿನ ಏರಿನಲ್ಲಿ ಅದು ನಿಜವಾಗಿ ಇಳಿಯತೊಡಗಿತು. ಕಂಪ್ಯೂಟರು ಪೆಟ್ರೋಲು ಸಾಲದು, ಸಾಲದು ಎಂದು ಇನ್‌ಜೆಕ್ಟರನ್ನು ಹೆಚ್ಚು ಹೆಚ್ಚು ಹೊತ್ತು ತೆರೆದಿಡುತ್ತಿತ್ತು. ಸೆನ್ಸರಿನ ಗೆರೆ ಕುಣಿಯುವುದನ್ನು ಬಿಟ್ಟು ತಳದಲ್ಲಿ ಮಲಗಿತು. ಕಾರು ಎರಡು ಸಲ ಮುಗ್ಗರಿಸಿ, ಕಾಡಿನ ನಡುವೆ ಉಸಿರು ಬಿಟ್ಟಿತು.

ಅದು ನಿಂತದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಿದರೆ ಜನ ನಗಬಹುದು. ಸೆನ್ಸರ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು, ಮಿಶ್ರಣ ನಿಜವಾಗಿಯೂ ತೆಳುವಾಗುತ್ತಿತ್ತು. ನಾನೇ ಅದನ್ನು ಸುಳ್ಳುಗಾರನೆಂದು ಕಿತ್ತು ಹಾಕಿದ್ದೆ. ಈಗ ಉಳಿದದ್ದು ಪಂಪು. ಸಿದ್ದಾಪುರದ ಗೆಳೆಯ ಹೇಳಿದ್ದೇ ಸರಿ ಎನಿಸಿತು. ಪಂಪು ತಿರುಗುತ್ತಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ಉಪಾಯ ಇದೆ. ಕೀಲಿ ಅರ್ಧ ತಿರುಗಿಸಿಟ್ಟು, ಪೆಟ್ರೋಲ್ ಮುಚ್ಚಳ ತೆಗೆದು, ಆ ಬಾಯಿಗೆ ಕಿವಿ ಇಟ್ಟರೆ ಒಳಗೆ ಗುಂಯ್ ಎನ್ನುವುದು ಕೇಳಿಸುತ್ತದೆ. ಮುಚ್ಚಳದ ಬೀಗ ತೆಗೆದು ತಿರುಗಿಸಿದೆ.

ಸುಸ್ ಎಂದು ಗಾಳಿ ಒಳಗೆ ನುಗ್ಗಿತು. ಹೊರಗೆ ಬಂದದ್ದಲ್ಲ, ಒಳಗೆ ಹೋದದ್ದು. ಟ್ಯಾಂಕಿನ ತಗಡು ಎಲ್ಲಿಯೋ ಟಣ್ ಎಂದು ಹೊರಗುಬ್ಬಿತು. ಆ ನುಗ್ಗುವಿಕೆ ನಿಲ್ಲುವ ತನಕ ನಾನು ಮುಚ್ಚಳ ಹಿಡಿದುಕೊಂಡು ಹಾಗೆಯೇ ನಿಂತಿದ್ದೆ. ಆಮೇಲೆ ಹೋಗಿ ಸ್ಟಾರ್ಟ್ ಮಾಡಿದೆ. ಮುಳ್ಳು ಮೊದಲಿನ ಜಾಗಕ್ಕೆ ಜಿಗಿಯಿತು.

ಒಂದು ಸಲ ಕಂಡದ್ದನ್ನು ನಂಬುವ ಧೈರ್ಯ ನನಗೆ ಉಳಿದಿರಲಿಲ್ಲ. ಮುಚ್ಚಳ ಬಿಗಿದು ಮುಂದಕ್ಕೆ ಓಡಿಸಿದೆ. ಮುಳ್ಳು ಇಳಿಯಿತು. ನಿಲ್ಲಿಸಿ ಮುಚ್ಚಳ ತೆಗೆದೆ. ಸುಸ್ ಎಂದಿತು, ಮುಳ್ಳು ಏರಿತು. ವಾಪಸು ಬರುವಾಗ ಮುಚ್ಚಳವನ್ನು ಸಡಿಲ ಬಿಟ್ಟು ಬಂದೆ. ಶಿರಸಿಯ ತನಕ ಗೆರೆ ಕುಣಿಯುತ್ತಲೇ ಇತ್ತು. ಪೆಟ್ರೋಲ್ ಹಾಕಿಸಿದ ದಿನ ಕಾರು ಬೇಗ ನಿಲ್ಲದಿದ್ದುದು ಪೆಟ್ರೋಲಿನಿಂದಲ್ಲ, ಮುಚ್ಚಳ ತೆಗೆದದ್ದರಿಂದ.

ಟ್ಯಾಂಕಿನಿಂದ ಪೆಟ್ರೋಲು ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಒಳಗೆ ಹೀರಿಕೊಂಡಂತಾಗಿ ಪಂಪು ಎಳೆಯಲಾರದೆ ಸೋಲುತ್ತದೆ. ಗಾಳಿ ಬರುವುದು ಇದ್ದಿಲು ತುಂಬಿದ ಒಂದು ಡಬ್ಬಿಯ ಮೂಲಕ. ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಡಬ್ಬಿ ಅದು. ಗಾಡಿ ಓಡುವಾಗ ಎಂಜಿನ್ನು ಆ ಡಬ್ಬಿಯಿಂದಲೂ ಆವಿ ಎಳೆದುಕೊಳ್ಳುತ್ತದೆ, ನಿಂತು ಗುರುಗುಟ್ಟುವಾಗ ಅಷ್ಟಾಗಿ ಎಳೆಯುವುದಿಲ್ಲ. ಗ್ಯಾರೇಜಿನಲ್ಲಿ ನಿಂತಾಗ ಏನೂ ಆಗದಿದ್ದುದು ಅದಕ್ಕೇ. ದಾರಿಯಲ್ಲಿ ಸುಮ್ಮನೆ ಕೂತರೆ ಪೆಟ್ರೋಲಿನ ಆವಿ ಏರಿ ಒಳಗಿನ ಎಳೆತ ಸಡಿಲವಾಗುತ್ತದೆ, ಕಾರು ಮತ್ತೆ ಚಾಲೂ ಆಗುತ್ತದೆ. ಕಾರಿನ ಜೊತೆ ಬಂದ ಮುಚ್ಚಳದಲ್ಲಿ ಆಪತ್ತಿಗೆ ಗಾಳಿ ಬಿಡುವ ಸಣ್ಣ ಕವಾಟವಾದರೂ ಇರುತ್ತದೆ. ಅದನ್ನು ಎಂದೋ ಬಂಕಿನಲ್ಲಿ ಮರೆತು ಬಂದ ಗಿರಣಿಯವರು ಪೇಟೆಯಲ್ಲಿ ಸಿಕ್ಕ ಬೀಗದ ಮುಚ್ಚಳ ಹಾಕಿಸಿದ್ದರು. ಅದರಲ್ಲಿ ಕವಾಟವೇ ಇಲ್ಲ, ಗುಂಡುಕಲ್ಲಿನಷ್ಟು ಭದ್ರವಾಗಿತ್ತು. ಹಾಗಾದರೆ ಡಬ್ಬಿಗೆ ಗಾಳಿ ಬರುವ ದಾರಿಯೇ ಮುಚ್ಚಿರಬೇಕು.

ಮರುದಿನ ಮಗಳಿಗೆ ಮತ್ತೆ ತಪಾಸಣೆ. ನನ್ನ ವ್ಯಾನಿನಲ್ಲಿಯೇ ಅಪ್ಪ ಮಗಳು ಇಬ್ಬರೂ ಬಂದರು. ನಾನು ಆಗಲೇ ಕಾರನ್ನು ಎತ್ತಿ ಹಿಂದಿನ ಬಲಚಕ್ರ ಬಿಚ್ಚಿದ್ದೆ. ಒಳಗಿನ ಪ್ಲಾಸ್ಟಿಕ್ ತೆಗೆದಾಗ ಡಬ್ಬಿಯೂ ಅದರಿಂದ ಇಳಿದ ಕಪ್ಪು ರಬ್ಬರ್ ಪೈಪೂ ಕಂಡವು. ಡಬ್ಬಿಯ ಕಡೆಯ ತುದಿಯನ್ನು ಕಳಚಿ ಬಾಯಿಟ್ಟು ಊದಿದೆ. ಗಾಳಿ ಹೋಗಲಿಲ್ಲ. ಕೆನ್ನೆ ನೋಯುವ ತನಕ ಊದಿದರೂ ಹೋಗಲಿಲ್ಲ. ಇನ್ನೊಂದು ತುದಿಗೆ ಟಾರ್ಚ್ ಬಿಟ್ಟೆ. ಬಾಯಿಗೆ ನುಣ್ಣಗೆ ಸಾರಿಸಿದಂತೆ ಕೆಮ್ಮಣ್ಣು ಮೆತ್ತಿತ್ತು. ಅಂಚಿನಲ್ಲಿ ಹುಳದ ಬಾಯಿಯ ಸಣ್ಣ ಸಣ್ಣ ಗುರುತುಗಳಿದ್ದವು.

"ಕುಂಬಾರ ಹುಳದ ಗೂಡ್ರಿ," ಎಂದು ಕೂಗಿ ಹೇಳಿ, ಗಟ್ಟಿ ತಂತಿಯೊಂದನ್ನು ಎತ್ತಿಕೊಂಡೆ. ಇಷ್ಟು ದಿನ ನನ್ನ ಜೀವ ಹಿಂಡಿದ್ದು ಒಂದು ಚಿಟಿಕೆ ಮಣ್ಣು. ಒಂದೇ ಏಟಿಗೆ ತಿವಿದು ತೆಗೆಯುವ ಸಿಟ್ಟು ಬಂದಿತ್ತು.

ಗಿರಣಿಯವರು ನನ್ನ ಮಣಿಕಟ್ಟು ಹಿಡಿದರು. "ತಡೀರಿ. ಒಡಿಬೇಡಿ."

ನನಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ, ನಮ್ಮ ಬನವಾಸಿ ಕಡೆಯೂ ಈ ಮಾತು ಇದೆ. ಮನೆಯಲ್ಲಿ ಬಸುರಿ ಇದ್ದಾಗ ಕುಂಬಾರ ಹುಳ ಬಂದು ಗೂಡು ಕಟ್ಟಿದರೆ ಒಳ್ಳೆಯದು. ಹೆರಿಗೆ ಆಗುವ ತನಕ ಅದನ್ನು ಒಡೆಯಬಾರದು. ಹೊರಗಿನವರಿಗೆ ತೋರಿಸುವುದೂ ಬೇಡ, ದೃಷ್ಟಿಯಾಗುತ್ತದೆ. ಗಿರಣಿಯವರ ತಾಯಿ ಜಗಲಿಯಲ್ಲಿ ಕೂತು, ಹುಳ ಮಣ್ಣಿನ ಉಂಡೆ ಹಿಡಿದು ಕಾರಿನ ಹಿಂಚಕ್ರದ ಮರೆಗೆ ಹೋಗಿ ಬರುವುದನ್ನು ನೋಡಿದ್ದರು. ಅಲ್ಲಿ ಯಾರೂ ನೀರು ಹಾಕಬಾರದು, ಕೈ ಹಾಕಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ಮೊದಲ ದಿನ ನನ್ನ ನೀರಿನ ಪೈಪಿಗೆ ಇವರು ಅಡ್ಡ ಬಂದದ್ದು ಅದಕ್ಕಾಗಿ.

"ಗೂಡು ಐತಿ ಅಂತ ನಿಮಗ ಗೊತ್ತಿತ್ತಾ?" ಎಂದು ಕೇಳಿದೆ. ನನ್ನ ದನಿ ಏರಿತ್ತು. "ನಾ ಇಲ್ಲಿ ನಿದ್ದಿ ಬಿಟ್ಟು ಕಾರು ಬಿಚ್ಚಾಕತ್ತೀನಿ, ನೀವು ಒಂದು ಮಾತು ಹೇಳಬಾರ್ದಾ?"

"ಚಕ್ರದ ಹತ್ರ ಎಲ್ಲೋ ಇದೆ ಅಂತ ಗೊತ್ತಿತ್ತು. ಪೈಪಿನ ಒಳಗೆ ಅಂತ ದೇವರಾಣೆ ಗೊತ್ತಿರ್ಲಿಲ್ಲ. ಹುಳದ ಗೂಡಿಗೂ ಎಂಜಿನ್ನಿಗೂ ಎಂತ ಸಂಬಂಧ ಅಂತ ನಾವು ನೋಡ್ಲೂ ಇಲ್ಲ."

ಮಗಳು ವ್ಯಾನಿನಿಂದ ನಿಧಾನಕ್ಕೆ ಇಳಿದು ಬಂದಳು. ಮುಖ ಊದಿಕೊಂಡಿತ್ತು. ಪೈಪಿನ ಬಾಯಿಯನ್ನು ಬಗ್ಗಿ ನೋಡಲು ಅವಳಿಂದಾಗುತ್ತಿರಲಿಲ್ಲ. ನಾನೇ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದೆ.

"ಒಳಗೆ ಸಾಲಾಗಿ ಕೋಣೆ ಇರ್ತದೆ," ಎಂದಳು, ಪಾಠ ಹೇಳುವ ದನಿಯಲ್ಲಿ. "ಒಂದೊಂದರಲ್ಲಿ ಒಂದೊಂದು ಮೊಟ್ಟೆ, ಅದಕ್ಕೆ ತಿನ್ನಲಿಕ್ಕೆ ಹುಳ. ನಡುವೆ ಮಣ್ಣಿನ ಗೋಡೆ." ಫೋನನ್ನು ನನ್ನ ಕೈಗೆ ಮರಳಿಸಿದಳು. "ಅಣ್ಣ, ನಂಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೂ ಒಡಿಬೇಡಿ."

ನನಗೂ ನಂಬಿಕೆ ಇಲ್ಲ. ಇದನ್ನು ತಿವಿದರೆ ಕಾರು ಈ ಕ್ಷಣವೇ ಸರಿಯಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ನಾಳೆ ಏನಾದರೂ ಹೆಚ್ಚು ಕಡಿಮೆಯಾದರೆ ಅದು ರಕ್ತದೊತ್ತಡದಿಂದ ಆದದ್ದು ಎಂದು ಡಾಕ್ಟರು ಹೇಳುತ್ತಾರೆ, ಮಗಳೂ ಹಾಗೇ ಹೇಳುತ್ತಾಳೆ. ಆದರೂ ಆ ಮನೆಯ ಅಜ್ಜಿ ನನ್ನನ್ನು ನೆನೆಸಿಕೊಳ್ಳುತ್ತಾರೆ. ನಾನೂ ನನ್ನನ್ನು ಬಿಡುವುದಿಲ್ಲ. ತಂತಿಯನ್ನು ಕೆಳಗೆ ಹಾಕಿದೆ.

ಇಡೀ ಪೈಪನ್ನೇ ಬದಲಾಯಿಸೋಣವೆಂದರೆ ಅದು ಬಾಗಿದ ಆಕಾರದಲ್ಲಿಯೇ ಎರಕ ಹೊಯ್ದದ್ದು, ಶಿರಸಿಯಲ್ಲಿ ಸಿಗುವಂಥದಲ್ಲ. ಹುಬ್ಬಳ್ಳಿಗೆ ಹೇಳಿ ತರಿಸುವಷ್ಟು ಹೊತ್ತು ನಮ್ಮ ಹತ್ತಿರ ಇರಲಿಲ್ಲ. ಗೂಡು ಇದ್ದದ್ದು ತುದಿಯ ಗೇಣುದ್ದದಲ್ಲಿ. ಹೊಸ ಬ್ಲೇಡು ತೆಗೆದುಕೊಂಡೆ. ಗರಗಸ ಹಚ್ಚಿದರೆ ಅದುರಿ ಮಣ್ಣು ಬಿರಿಯುತ್ತದೆ. ಗಿರಣಿಯವರು ತಮ್ಮ ಎರಡೂ ಅಂಗೈಗಳಲ್ಲಿ ಪೈಪಿನ ತುದಿಯನ್ನು ಹಿಡಿದುಕೊಂಡರು. "ಅಲುಗಾಡಿಸಬ್ಯಾಡ್ರಿ," ಎಂದು ನಾನು ಹೇಳುತ್ತಿದ್ದೆ. ಸುತ್ತಲೂ ಸ್ವಲ್ಪ ಸ್ವಲ್ಪವೇ ಕೊಯ್ದು ತುಂಡು ಬೇರೆ ಮಾಡಿದೆವು. ಕೊಯ್ದ ಜಾಗದಲ್ಲಿ ಹುಳ ಮಣ್ಣು ಹಚ್ಚಿರಲಿಲ್ಲ, ಗೂಡಿನ ಗೋಡೆ ಅಲ್ಲಿಂದ ಸ್ವಲ್ಪ ಆಚೆಗಿತ್ತು. ಗೂಡಿಗೆ ಬ್ಲೇಡು ತಾಗಿರಲಿಲ್ಲ. ಮಗಳು ತನ್ನ ಓಢಣಿ ತೆಗೆದು ಕೊಟ್ಟಳು, ಅದರಲ್ಲಿ ಸುತ್ತಿಟ್ಟೆವು.

ಉಳಿದ ಪೈಪಿಗೆ ಅದೇ ಅಳತೆಯ ಪೆಟ್ರೋಲ್ ಪೈಪಿನ ತುಂಡು ಜೋಡಿಸಿ, ಇನ್ನು ಮುಂದೆ ಯಾವ ಹುಳವೂ ಬಾರದ ಹಾಗೆ ತುದಿಗೆ ಸಣ್ಣ ಜಾಲರಿ ಕಟ್ಟಿದೆ. ಮುಚ್ಚಳವನ್ನೂ ಬದಲಾಯಿಸಿದೆ. ಗೇಜನ್ನು ಗಾಜಿಗೆ ಅಂಟಿಸಿಕೊಂಡೇ ಅವರ ಊರಿಗೆ ನಾನು ಕಾರು ಓಡಿಸಿದೆ, ಅಪ್ಪ ಮಗಳು ವ್ಯಾನಿನಲ್ಲಿ ಹಿಂದೆ ಬಂದರು. ಆ ತಿರುವು ಬಂದಾಗ ವೇಗ ತಗ್ಗಿಸಿ ಗೇಜು ನೋಡಿದೆ. ಮುಳ್ಳು ಅಲುಗಲಿಲ್ಲ. ರಸ್ತೆ ಬದಿಯಲ್ಲಿ ಒಡೆದ ಕಾಯಿಯ ಚಿಪ್ಪು ಬಿದ್ದಿತ್ತು, ನನಗೆ ಹೇಳದೆಯೇ ಅದೂ ಆಗಿತ್ತು.

ಅಜ್ಜಿ ಜಗಲಿಯಲ್ಲಿಯೇ ಇದ್ದರು. ಓಢಣಿಯ ಗಂಟು ಬಿಚ್ಚಿ ಅವರ ಮುಂದಿಟ್ಟೆ.

"ತಮಾ, ಒಡದ್ದಿಲ್ಲೆ ಅಲ್ದ?"

"ಇಲ್ರಿ ಅಜ್ಜಿ. ಹೆಂಗಿತ್ತೋ ಹಂಗ ಐತಿ."

ಅವರು ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. "ಅದಕ್ಕೆ ಕಾರು ಯಾವ್ದು, ಗ್ವಾಡೆ ಯಾವ್ದು ಹೇಳಿ ಎಂತ ಗೊತ್ತಿದ್ದು. ತೂತು ಕಂಡ್ತು, ಮನೆ ಕಟ್ಕಂಡ್ತು. ಪೈಪಿನೊಳಗೆ ಹೇಳಿ ಆನೂ ನೋಡಿದ್ನಿಲ್ಲೆ." ಗೂಡು ಪೈಪಿನ ಒಳಗಿದೆ ಎಂಬುದು ಅವರಿಗೂ ತಿಳಿದಿರಲಿಲ್ಲ. ಜಗಲಿಯ ಮಾಡಿನ ಅಡಿಯಲ್ಲಿ ಒಂದು ಮೊಳೆ ತೋರಿಸಿ ಅಲ್ಲಿ ಕಟ್ಟಲು ಹೇಳಿದರು. ನಾನೇ ಹತ್ತಿ ಕಟ್ಟಿದೆ. "ಹುಳ ಹಾರಿ ಹೋದ ಮೇಲೆ ನಿನ್ನ ಪೈಪು ನಿಂಗೆ ಕಳಸ್ತೆ," ಎಂದರು.

ಕೆಲಸ ಮುಗಿದಿತ್ತು, ಆದರೆ ಆತಂಕ ಮುಗಿದಿರಲಿಲ್ಲ. ಮುಂದಿನ ದಿನಗಳಲ್ಲಿ ಕಾರಿನ ಯೋಚನೆಗಿಂತ ಆ ಮೊಳೆಯ ಯೋಚನೆಯೇ ನನ್ನನ್ನು ಹೆಚ್ಚಾಗಿ ಕಾಡಿತು. ದಾರ ಗಟ್ಟಿ ಕಟ್ಟಿದ್ದೆನೋ ಇಲ್ಲವೋ, ಗಾಳಿಗೆ ಬಿದ್ದರೆ ಏನು ಗತಿ. ಇದನ್ನೆಲ್ಲ ಯಾರಿಗೆ ಹೇಳುವುದು, ಮೆಕ್ಯಾನಿಕ್ ಆದವನು.

ಒಂದು ಬೆಳಿಗ್ಗೆ ಹುಲೇಕಲ್ ಕಡೆಯಿಂದ ಬಂದ ಜೀಪಿನ ಕ್ಲಚ್ ಬಿಚ್ಚುತ್ತಿದ್ದಾಗ ಫೋನು ಬಂತು. ಗುಡ್ಡದ ಮೇಲೆ ನಿಂತು ಮಾತಾಡುತ್ತಿದ್ದರೆಂದು ಗಿರಣಿಯವರ ಏದುಸಿರಿನಿಂದಲೇ ತಿಳಿಯಿತು.

"ತಲೆನೋವು ಶುರುವಾಗಿದೆ. ಕಣ್ಣೂ ಮಂಜು ಅಂತಾಳೆ. ಹೊರಟ್ವಿ."

ಅಷ್ಟೇ. ಆಮೇಲೆ ದಾರಿಯುದ್ದಕ್ಕೂ ಸಿಗ್ನಲ್ ಇಲ್ಲ. ನಾನು ಕ್ಲಚ್ಚನ್ನು ಅಲ್ಲಿಯೇ ಬಿಟ್ಟು ರಸ್ತೆಗೆ ಬಂದು ನಿಂತೆ. ಅವರು ಪೇಟೆಗೆ ಬರುವ ದಾರಿ ನನ್ನ ಗ್ಯಾರೇಜಿನ ಎದುರೇ ಹಾದು ಹೋಗುತ್ತದೆ. ಈಗ ಸೇತುವೆ ದಾಟಿರಬೇಕು, ಈಗ ತಿರುವಿನಲ್ಲಿರಬೇಕು ಎಂದು ಮನಸ್ಸಿನಲ್ಲಿಯೇ ಕಾರು ಓಡಿಸಿದೆ. ತಿರುವಿನ ಹತ್ತಿರ ಬಂದಾಗಲೆಲ್ಲ ನನ್ನ ಮನಸ್ಸಿನ ಕಾರು ನಿಂತುಬಿಡುತ್ತಿತ್ತು. ಜಾಲರಿ ತೀರಾ ಸಣ್ಣದಾಯಿತೇ, ಕೆಸರು ಮೆತ್ತಿದರೆ ಅದೇ ಕಟ್ಟಿಕೊಳ್ಳುವುದಿಲ್ಲವೇ, ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ. ವ್ಯಾನಿನ ಕೀಲಿ ತರಲು ಒಳಗೆ ಓಡಿದೆ. ಕೀಲಿ ಹಿಡಿದು ಹೊರಗೆ ಬರುವಾಗ ಕಾರು ಕಂಡಿತು.

ಅದು ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಗಿರಣಿಯವರು ನನ್ನ ಕಡೆ ತಿರುಗಿಯೂ ನೋಡದೆ ಹೋದರು. ಹಿಂದಿನ ಸೀಟಿನಲ್ಲಿ ಮಗಳು ಯಾರದೋ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಎಂಜಿನ್ನಿನ ಶಬ್ದ ಒಂದೇ ಸಮನಾಗಿತ್ತು. ಅದು ಪೇಟೆಯ ಗದ್ದಲದಲ್ಲಿ ಸೇರಿಹೋಗುವ ತನಕ ಕೇಳುತ್ತ ನಿಂತೆ.

ಸಂಜೆ ಫೋನು ಮಾಡಿ ಗಿರಣಿಯವರು ಮೊದಲು ಕಾರಿನ ವಿಷಯ ಹೇಳತೊಡಗಿದರು. ನಾನು ನಡುವೆಯೇ ತಡೆದು, "ಕಾರು ಬಿಡ್ರಿ, ಮಗಳು ಹೆಂಗದಾಳ?" ಎಂದೆ. ಆಪರೇಷನ್ ಮಾಡಿ ಮಗು ತೆಗೆದಿದ್ದರು. ಹೆಣ್ಣು. ತೂಕ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಉಸಿರಾಟ ಚೆನ್ನಾಗಿದೆ, ತಾಯಿಗೂ ಒತ್ತಡ ಇಳಿಯುತ್ತಿದೆ ಎಂದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಅಂದ ಮಾತನ್ನು ಹೇಳಲು ಹೋಗಿ ಅವರು ಮಾತು ಬದಲಿಸಿದರು.

ಮಗು ಮನೆಗೆ ಹೋಗಿ, ಹೆಸರಿಡುವ ಶಾಸ್ತ್ರವೂ ಮುಗಿದ ಮೇಲೆ, ಕಾರಿನ ಆಯಿಲ್ ಬದಲಾಯಿಸಲು ಬಂದ ಗಿರಣಿಯವರು ಸಿಹಿಯ ಡಬ್ಬಿಯ ಜೊತೆ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟರು. ಅವರ ತಾಯಿ ಮರೆಯದೆ ಕಳಿಸಿದ್ದರು. ಬಿಚ್ಚಿ ನೋಡಿದೆ. ಕಪ್ಪು ಪೈಪಿನ ತುಂಡಿನ ಬಾಯಿಯಲ್ಲಿ ಕೆಮ್ಮಣ್ಣು ಹಾಗೆಯೇ ಇತ್ತು, ನಡುವೆ ಒಂದು ದುಂಡನೆಯ ತೂತಿತ್ತು. ಬಾಯಿಟ್ಟು ಊದಿದೆ. ಗಾಳಿ ಆ ಕಡೆಗೆ ಸಲೀಸಾಗಿ ಹೋಯಿತು.